ಅಪ್ರಾಪ್ತರ ಆಸ್ತಿಯ ಮಾರಾಟ: ‘ಅನೂರ್ಜಿತಗೊಳಿಸಬಹುದಾದ ವ್ಯವಹಾರ’ ಎಂದರೆ ಕಾನೂನಿನಲ್ಲಿ ನಿಜವಾಗಿ ಏನು?

ಹಾಸನದ ಓದುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಕೀಲರನ್ನು ಕಾಣುವುದಕ್ಕೆ ಮೊದಲು ಅವರಲ್ಲಿ ಏನನ್ನು ಕೇಳಬೇಕು ಎಂಬುದಾದರೂ ನನಗೆ ಸ್ಪಷ್ಟವಾಗಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾಯಿಯ ತಂದೆಯವರು 2012ರಲ್ಲಿ ಹಾಸನದ ಹೊರವಲಯದ ತಮ್ಮ ಸ್ವಯಾರ್ಜಿತ ನಿವೇಶನವೊಂದನ್ನು ನನ್ನ ಮತ್ತು ನನ್ನ ತಮ್ಮನ ಹೆಸರಿಗೆ ನೋಂದಾಯಿತ ದಾನಪತ್ರದ ಮೂಲಕ ಕೊಟ್ಟಿದ್ದರು. ಆಗ ನಾವಿಬ್ಬರೂ ಚಿಕ್ಕ ಮಕ್ಕಳು. 2017ರಲ್ಲಿ ನಮ್ಮ ತಂದೆ, ನಮ್ಮ ಸ್ವಾಭಾವಿಕ ಪೋಷಕರು ಎಂಬ ನೆಲೆಯಲ್ಲಿ ತಾವೇ ಸಹಿ ಹಾಕಿ, ಆ ನಿವೇಶನವನ್ನು ಬೇರೊಬ್ಬರಿಗೆ ಕ್ರಯ ಮಾಡಿಕೊಟ್ಟರು. ನ್ಯಾಯಾಲಯದ ಅನುಮತಿಯನ್ನು ಅವರು ಕೇಳಿರಲಿಲ್ಲ. ಬಂದ ಹಣ ಅವರ ವ್ಯಾಪಾರದ ಸಾಲ ತೀರಿಸಲು ಹೋಯಿತು. ಈಗ ನನಗೆ ಹತ್ತೊಂಬತ್ತು ವರ್ಷ, ತಮ್ಮನಿಗೆ ಹದಿನಾರು. ಮನೆಯ ಹಳೆಯ ಕಾಗದಗಳಲ್ಲಿ ದಾನಪತ್ರ ಸಿಕ್ಕ ಮೇಲೆ ಋಣಭಾರ ಪ್ರಮಾಣಪತ್ರ ತೆಗೆಸಿದಾಗಲೇ ಮಾರಾಟದ ಸಂಗತಿ ನನಗೆ ತಿಳಿದದ್ದು. ಕೊಂಡವರು ಸುತ್ತಲೂ ಕಾಂಪೌಂಡ್ ಹಾಕಿದ್ದಾರೆ, ಮನೆ ಕಟ್ಟಿಲ್ಲ.

ಪರಿಚಯದ ಹಿರಿಯರೊಬ್ಬರು, ‘ಕೋರ್ಟಿನ ಅನುಮತಿ ಇಲ್ಲದ ಮೇಲೆ ಆ ಕ್ರಯ ಕ್ರಯವೇ ಅಲ್ಲ, ನೀವು ಯಾವಾಗ ಬೇಕಾದರೂ ಹೋಗಿ ಜಾಗ ಹಿಡಿಯಬಹುದು’ ಎಂದರು. ಇನ್ನೊಬ್ಬರು, ‘ನೋಂದಣಿಯಾದ ಕ್ರಯಪತ್ರವನ್ನು ಯಾರೂ ಏನೂ ಮಾಡಲಾಗದು’ ಎಂದರು. ಕಾಯ್ದೆಯ ಕನ್ನಡ ಪಠ್ಯವನ್ನು ನೋಡಿದರೆ, ಇಂತಹ ಮಾರಾಟವನ್ನು ಅಪ್ರಾಪ್ತ ವಯಸ್ಕರ ಅಪೇಕ್ಷೆಯ ಮೇರೆಗೆ ಅನೂರ್ಜಿತಗೊಳಿಸಬಹುದು (ಕಾನೂನಿನಲ್ಲಿ ಬೆಲೆ ಇಲ್ಲದಂತೆ ಮಾಡಬಹುದು) ಎಂಬ ಅರ್ಥದ ಮಾತಿದೆ. ಹಾಗಾದರೆ ಆ ಕ್ರಯಪತ್ರಕ್ಕೆ ಇಂದು ಬೆಲೆ ಇದೆಯೇ, ಇಲ್ಲವೇ? ಅದನ್ನು ಅನೂರ್ಜಿತಗೊಳಿಸುವುದೆಂದರೆ ನಾನು ಮಾಡಬೇಕಾದ ಕೆಲಸ ಯಾವುದು, ಮತ್ತು ತಂದೆಯವರೇ ಈಗ ಮನಸ್ಸು ಬದಲಿಸಿದರೆ ಅವರಿಂದ ಅದು ಸಾಧ್ಯವೇ? ದಯವಿಟ್ಟು ತಿಳಿದವರು ವಿವರಿಸಿ.

ಸಿವಿಲ್ ವಕೀಲ, ಮೈಸೂರು

ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತೂ ಅಪಾಯಕಾರಿಯಾದದ್ದು. ಅದರಲ್ಲೂ ಮೊದಲನೆಯ ಮಾತನ್ನು ನಂಬಿ ಸುಮ್ಮನೆ ಕುಳಿತವರು ಆಸ್ತಿಯನ್ನು ಶಾಶ್ವತವಾಗಿ ಕಳೆದುಕೊಂಡಿದ್ದಾರೆ.

ನಿಮ್ಮ ಪ್ರಕರಣಕ್ಕೆ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೆಯ ಕಲಂ. ತಂದೆಯಾಗಲಿ ತಾಯಿಯಾಗಲಿ ಅಪ್ರಾಪ್ತ ಮಗುವಿನ ಸ್ಥಿರಾಸ್ತಿಯನ್ನು ಮಾರುವುದು, ಅಡವಿಡುವುದು, ದಾನ ಕೊಡುವುದು, ವಿನಿಮಯ ಮಾಡುವುದು ಇವೆಲ್ಲಕ್ಕೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಐದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೂ ಬೇಕು. ಆ ಅನುಮತಿಯನ್ನು ನ್ಯಾಯಾಲಯ ಕೊಡುವುದು ಮಗುವಿಗೆ ಅಗತ್ಯವಿದ್ದಾಗ ಅಥವಾ ಮಗುವಿಗೆ ಸ್ಪಷ್ಟವಾದ ಲಾಭವಿದ್ದಾಗ ಮಾತ್ರ. ತಂದೆಯ ವ್ಯಾಪಾರದ ಸಾಲ ಈ ಎರಡರಲ್ಲಿ ಯಾವುದರಲ್ಲಿಯೂ ಬರುವುದಿಲ್ಲ. ಅನುಮತಿಯಿಲ್ಲದೆ ಮಾರಿದರೆ ಏನಾಗುತ್ತದೆ ಎಂಬುದನ್ನು ಅದೇ ಕಲಮಿನ 3ನೆಯ ಉಪಕಲಂ ಹೇಳುತ್ತದೆ: ಆ ಮಾರಾಟವನ್ನು ಅಪ್ರಾಪ್ತ ವಯಸ್ಕನು, ಅಥವಾ ಅವನ ಮೂಲಕ ಹಕ್ಕು ಪಡೆದವರು, ಅನೂರ್ಜಿತಗೊಳಿಸಬಹುದು.

ಇಲ್ಲಿ ಶಾಸನವು ‘ಮಾರಾಟ ಅನೂರ್ಜಿತ’ ಎಂದು ತಾನೇ ತೀರ್ಮಾನಿಸಿಲ್ಲ, ತೀರ್ಮಾನವನ್ನು ನಿಮ್ಮ ಕೈಗೆ ಕೊಟ್ಟಿದೆ. ಆದ್ದರಿಂದ ನೀವು ಆ ಆಯ್ಕೆಯನ್ನು ಚಲಾಯಿಸುವವರೆಗೆ ಕ್ರಯಪತ್ರ ಜೀವಂತವಾಗಿಯೇ ಇರುತ್ತದೆ. ಕೊಂಡವರು ಖಾತೆ ಮಾಡಿಸಿಕೊಳ್ಳಬಹುದು, ಕಂದಾಯ ಕಟ್ಟಬಹುದು, ಬ್ಯಾಂಕಿಗೆ ಅಡವಿಡಬಹುದು, ಮುಂದೆ ಮಾರಲೂಬಹುದು. ಆದರೆ ಅವರ ಹಕ್ಕಿನ ತಳದಲ್ಲಿ ಒಂದು ದೋಷ ಇದ್ದೇ ಇರುತ್ತದೆ, ಮತ್ತು ಅವರಿಂದ ಕೊಂಡವರಿಗೂ ಅದೇ ದೋಷಯುಕ್ತ ಹಕ್ಕು ಹೋಗುತ್ತದೆ. ನೀವು ಆಯ್ಕೆಯನ್ನು ಚಲಾಯಿಸಿ ಅದು ಎತ್ತಿಹಿಡಿಯಲ್ಪಟ್ಟ ದಿನ, ಆ ಕ್ರಯಪತ್ರ ಅಂದಿನಿಂದಲ್ಲ, 2017ರಲ್ಲಿ ಬರೆದ ದಿನದಿಂದಲೇ ಬಿದ್ದುಹೋಗುತ್ತದೆ. ನೀವು ಆಯ್ಕೆಯನ್ನು ಚಲಾಯಿಸದೆ ಕಾಲಮಿತಿ ಮೀರಿದರೆ, ಅಥವಾ ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಆ ಮಾರಾಟವನ್ನು ಒಪ್ಪಿಕೊಂಡರೆ, ಆ ದೋಷ ಮಾಸಿಹೋಗಿ ಕೊಂಡವರ ಹಕ್ಕು ಪೂರ್ಣವಾಗುತ್ತದೆ.

ಕಾಲಮಿತಿ ಎಷ್ಟು ಎಂಬುದು 1963ರ ಕಾಲಮಿತಿ ಕಾಯ್ದೆಯ 60ನೆಯ ಅನುಚ್ಛೇದದಲ್ಲಿದೆ. ಪೋಷಕರು ಮಾಡಿದ ವರ್ಗಾವಣೆಯನ್ನು ರದ್ದುಪಡಿಸಲು, ಪ್ರಾಪ್ತ ವಯಸ್ಸಿಗೆ ಬಂದ ದಿನದಿಂದ 3 ವರ್ಷ. ಅಂದರೆ ನಿಮಗೆ ಇಪ್ಪತ್ತೊಂದು ತುಂಬುವುದರೊಳಗೆ. ಮಾರಾಟದ ಸಂಗತಿ ಯಾವಾಗ ತಿಳಿಯಿತು ಎಂಬುದರಿಂದ ಈ ಲೆಕ್ಕ ಶುರುವಾಗುವುದಿಲ್ಲ, ವಯಸ್ಸಿನಿಂದ ಶುರುವಾಗುತ್ತದೆ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಗೊತ್ತಾದ ಮೇಲೆ ಮೂರು ವರ್ಷ’ ಎಂದು ತಿಳಿದುಕೊಂಡು ಬರುವವರು ಬಹಳ ಮಂದಿ.

2001ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ಮೇಲ್ಮನವಿಯಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ಇಂದಿಗೂ ಕಣ್ಣು ತೆರೆಸುವಂಥದ್ದು. ಅಲ್ಲಿ ತಾಯಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದ್ದ ಜಮೀನಿನ ಸ್ವಾಧೀನ ಕೇಳಿ ಮಕ್ಕಳು ದಾವೆ ಹೂಡಿದ್ದರು. ಕ್ರಯಪತ್ರಗಳನ್ನು ರದ್ದುಪಡಿಸಿ ಎಂಬ ಕೋರಿಕೆಯನ್ನು ಮಾತ್ರ ಮೊದಲಿಗೆ ಸೇರಿಸಿರಲಿಲ್ಲ. ಅದನ್ನು ತಿದ್ದುಪಡಿಯ ಮೂಲಕ ಸೇರಿಸುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಕ್ರಯಪತ್ರ ತಾನಾಗಿ ಅನೂರ್ಜಿತವಲ್ಲ, ಅದನ್ನು ರದ್ದುಪಡಿಸಿಕೊಳ್ಳದೆ ಸ್ವಾಧೀನ ಕೇಳಲಾಗದು ಎಂದು ನ್ಯಾಯಾಲಯ ಹೇಳಿತು, ಮಕ್ಕಳು ಸೋತರು. 2019ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಮತ್ತೆ ಹೇಳಿದೆ.

ನಿಮ್ಮ ತಂದೆಯವರ ಬಗ್ಗೆ ಕೇಳಿದಿರಿ. ಅವರು ಮನಸ್ಸು ಬದಲಿಸಿದರೂ ಈ ಹಕ್ಕು ಅವರದಲ್ಲ. ಕೊಂಡವರಿಗೂ ಇದು ಇಲ್ಲ. ನಿವೇಶನದ ಬೆಲೆ ಇಳಿದುಹೋಯಿತು, ಅನುಮತಿ ಇರಲಿಲ್ಲವಾದ್ದರಿಂದ ಹಣ ವಾಪಸು ಕೊಡಿ ಎಂದು ಅವರು 8ನೆಯ ಕಲಮನ್ನು ಹಿಡಿದು ಬರುವಂತಿಲ್ಲ. ಯಾರ ರಕ್ಷಣೆಗಾಗಿ ಆ ನಿಯಮ ಇದೆಯೋ ಅವರಿಗೆ ಮಾತ್ರ ಆ ಆಯ್ಕೆ.

ತಮ್ಮನ ವಿಷಯ: ಅವನು ಹದಿನೆಂಟು ತುಂಬುವವರೆಗೆ ಕಾಯಲೇಬೇಕೆಂದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದಂತೆ, ಹಿತಾಸಕ್ತಿಯ ವಿರೋಧವಿಲ್ಲದ ವಯಸ್ಕರೊಬ್ಬರು ಅವನ ಪರವಾಗಿ ಹಿತಮಿತ್ರರಾಗಿ ದಾವೆ ಹೂಡಬಹುದು. ನಿಮ್ಮ ತಾಯಿ ಆಗಬಹುದು, ನೀವೂ ಆಗಬಹುದು. ತಮ್ಮನಿಗೆ ಇನ್ನೂ ಸಮಯವಿದೆ ಎಂದು ನಿಮ್ಮ ಪಾಲಿನ ಸಮಯವನ್ನು ಮಾತ್ರ ಕಳೆದುಕೊಳ್ಳಬೇಡಿ.

ಕಾನೂನು ಬೋಧಕಿ, ಧಾರವಾಡ

ಮೈಸೂರಿನ ವಕೀಲರು ಹೇಳಿದ್ದಕ್ಕೆ ಪೂರಕವಾಗಿ, ಶಾಸನವು ಕೆಲವು ವ್ಯವಹಾರಗಳನ್ನು ತಾನೇ ಅನೂರ್ಜಿತ ಎಂದು ಘೋಷಿಸಿ, ಇನ್ನು ಕೆಲವನ್ನು ಅನೂರ್ಜಿತಗೊಳಿಸುವ ಆಯ್ಕೆಯನ್ನು ಏಕೆ ವ್ಯಕ್ತಿಗೆ ಬಿಡುತ್ತದೆ ಎಂಬುದನ್ನು ವಿವರಿಸಲು ಬಯಸುತ್ತೇನೆ. ವಿದ್ಯಾರ್ಥಿಗಳು ಇವೆರಡನ್ನು ದೋಷದ ತೀವ್ರತೆಯ ಎರಡು ಮಟ್ಟಗಳು ಎಂದು ಬಾಯಿಪಾಠ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ವ್ಯತ್ಯಾಸ ಇರುವುದು ಬೇರೆಡೆ. ಆದ ಅನ್ಯಾಯವನ್ನು ಬಿಡಿಸುವ ಹೊರೆಯನ್ನು ಯಾರ ಮೇಲೆ ಹಾಕುವುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಪ್ರಾಪ್ತ ವಯಸ್ಕನು ತಾನೇ ಮಾಡಿಕೊಂಡ ಒಪ್ಪಂದ 1903ರ ಮೋಹರಿ ಬೀಬಿ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಹೇಳಿದಂತೆ ಆರಂಭದಿಂದಲೇ ಅನೂರ್ಜಿತ. ಅದನ್ನು ಯಾರೂ ಬಿಡಿಸಬೇಕಾಗಿಲ್ಲ, ದೊಡ್ಡವನಾದ ಮೇಲೆ ಸ್ಥಿರೀಕರಿಸಲೂ ಆಗದು. ಅದೇ 1956ರ ಕಾಯ್ದೆಯ 11ನೆಯ ಕಲಂ, ಕಾನೂನಿನ ಪೋಷಕನಲ್ಲದೆ ಕೇವಲ ವಾಸ್ತವದಲ್ಲಿ ಮಗುವನ್ನು ನೋಡಿಕೊಳ್ಳುತ್ತಿರುವ ಚಿಕ್ಕಪ್ಪನೋ ಸೋದರಮಾವನೋ ಮಗುವಿನ ಆಸ್ತಿಯನ್ನು ವಿಲೇವಾರಿ ಮಾಡುವುದನ್ನು ಪೂರ್ತಿಯಾಗಿ ನಿಷೇಧಿಸುತ್ತದೆ. ಹಾಗಾಗಿ ಇದೇ ನಿವೇಶನವನ್ನು ನಿಮ್ಮ ಸೋದರಮಾವ ಮಾರಿದ್ದರೆ ಅದು ಅನೂರ್ಜಿತ. ತಂದೆ ಮಾರಿದ್ದರಿಂದ ಅನೂರ್ಜಿತಗೊಳಿಸಬಹುದಾದದ್ದು. ಕಾರಣವೂ ಸ್ಪಷ್ಟವಿದೆ: ತಂದೆ ತಾಯಿಗೆ ಮಗುವಿನ ಆಸ್ತಿಯ ಮೇಲೆ ಅಧಿಕಾರ ಇದೆ, ಆದರೆ ಅದನ್ನು ಮೀರಿ ನಡೆದಿದ್ದಾರೆ. ಮಾವನಿಗೆ ಅಧಿಕಾರವೇ ಇಲ್ಲ.

ತಂದೆ ಅನುಮತಿಯಿಲ್ಲದೆ ಮಾರಿದ ಆಸ್ತಿಯ ಹಣ ಕೆಲವೊಮ್ಮೆ ಮಗುವಿನ ಶಸ್ತ್ರಚಿಕಿತ್ಸೆಗೋ ಇನ್ನೂ ಉತ್ತಮವಾದ ಜಮೀನಿಗೋ ಹೋಗಿರಬಹುದು. ಅಂತಹ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ಉಳಿಸಿಕೊಳ್ಳಲು ಇಚ್ಛಿಸಬಹುದು. ಆಯ್ಕೆಯನ್ನು ಕೊಡುವುದರ ಒಳ್ಳೆಯ ಮುಖ ಇದು. ಕೆಟ್ಟ ಮುಖವೆಂದರೆ, ಇಪ್ಪತ್ತು ವರ್ಷದ ಮಗಳು ತನ್ನ ತಂದೆ ಮಾಡಿದ ಕೆಲಸವನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು, ಖರ್ಚು ಮಾಡಬೇಕು, ಮನೆಯವರ ಮಾತು ಕೇಳಬೇಕು, ಅದೂ ಮೂರೇ ವರ್ಷದೊಳಗೆ. ಆಯ್ಕೆ ಎನ್ನುವುದು ಕಾಗದದ ಮೇಲೆ ಎಷ್ಟು ಸುಲಭವೋ ಬದುಕಿನಲ್ಲಿ ಅಷ್ಟೇ ಕಠಿಣ.

ಕರ್ನಾಟಕದ ಶಾಸಕಾಂಗ ಈ ಕಷ್ಟವನ್ನು ಎರಡು ಸಂದರ್ಭಗಳಲ್ಲಿ ಗುರುತಿಸಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 3ನೆಯ ಕಲಂ ಪ್ರಕಾರ ಬಾಲ್ಯವಿವಾಹ ತಾನಾಗಿ ಅನೂರ್ಜಿತವಲ್ಲ. ಮದುವೆಯ ಕಾಲಕ್ಕೆ ಬಾಲ್ಯದಲ್ಲಿದ್ದವರು ಪ್ರಾಪ್ತ ವಯಸ್ಸಿಗೆ ಬಂದು ಎರಡು ವರ್ಷ ತುಂಬುವುದರೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಮಾತ್ರ ಅದು ಅನೂರ್ಜಿತವಾಗುತ್ತದೆ. ಗಂಡನ ಮನೆಯಲ್ಲಿರುವ ಹತ್ತೊಂಬತ್ತರ ಹುಡುಗಿ ಈ ಅರ್ಜಿ ಹಾಕುತ್ತಾಳೆಂದು ನಿರೀಕ್ಷಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಕರ್ನಾಟಕವು ತನ್ನ 2016ರ ತಿದ್ದುಪಡಿಯ ಮೂಲಕ ಈ ಹೊರೆಯನ್ನು ಹುಡುಗಿಯ ಹೆಗಲಿನಿಂದ ಇಳಿಸಿತು: ತಿದ್ದುಪಡಿ ಜಾರಿಗೆ ಬಂದ ನಂತರ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ರಾಜ್ಯದಲ್ಲಿ ಆರಂಭದಿಂದಲೇ ಅನೂರ್ಜಿತ. 2017ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದ ತೀರ್ಪಿನಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯುವುದು ವಿವೇಕದ ಕೆಲಸ ಎಂಬ ಆಶಯವನ್ನು ವ್ಯಕ್ತಪಡಿಸಿತು.

ಎರಡನೆಯದು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ತಡೆಯುವ 1978ರ ಕಾಯ್ದೆ, ಜನ ಪಿಟಿಸಿಎಲ್ ಎಂದು ಕರೆಯುವುದು. ಮಂಜೂರಾತಿಯ ಷರತ್ತನ್ನು ಮೀರಿದ ಮಾರಾಟವನ್ನು ಅದು ನೇರವಾಗಿಯೇ ಅನೂರ್ಜಿತ ಎನ್ನುತ್ತದೆ, ಜಮೀನನ್ನು ಮರಳಿಸುವ ಅಧಿಕಾರವನ್ನು ಉಪವಿಭಾಗಾಧಿಕಾರಿಗೆ ಕೊಡುತ್ತದೆ. ಇಲ್ಲಿಯೂ ಅನೂರ್ಜಿತ ಎಂದ ಮಾತ್ರಕ್ಕೆ ಎಲ್ಲವೂ ತಾನಾಗಿ ಸರಿಹೋಗಲಿಲ್ಲ. ಅರ್ಜಿ ಹಾಕುವುದು ಸಮಂಜಸ ಕಾಲದೊಳಗೆ ಆಗಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಹಳೆಯ ಪ್ರಕರಣಗಳು ಬಿದ್ದುಹೋದವು. ಕಾಲಮಿತಿ ಅನ್ವಯಿಸದು ಎಂದು ಹೇಳಲು ರಾಜ್ಯ 2023ರಲ್ಲಿ ಮತ್ತೆ ತಿದ್ದುಪಡಿ ತರಬೇಕಾಯಿತು.

ಹೋಲಿಕೆಗೆ ಚರಾಸ್ತಿಯ ನಿಯಮವನ್ನೂ ನೋಡಿ. ಒಬ್ಬನು ವಂಚನೆಯಿಂದ ನಿಮ್ಮ ಸ್ಕೂಟರನ್ನು ಕೊಂಡು, ನೀವು ಆ ಒಪ್ಪಂದವನ್ನು ಅನೂರ್ಜಿತಗೊಳಿಸುವ ಮೊದಲೇ, ಏನೂ ತಿಳಿಯದ ಮೂರನೆಯವನಿಗೆ ಮಾರಿಬಿಟ್ಟರೆ, 1930ರ ಸರಕು ಮಾರಾಟ ಕಾಯ್ದೆಯ 29ನೆಯ ಕಲಂ ಆ ಮೂರನೆಯವನನ್ನು ರಕ್ಷಿಸುತ್ತದೆ. ಕದ್ದು ಮಾರಿದ್ದರೆ ಆ ರಕ್ಷಣೆ ಇಲ್ಲ. ಆಯ್ಕೆಯನ್ನು ಚಲಾಯಿಸುವಲ್ಲಿ ತಡಮಾಡಿದರೆ ಮಧ್ಯದಲ್ಲಿ ಬೇರೆಯವರ ಹಕ್ಕು ಹುಟ್ಟಿಬಿಡಬಹುದು ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ಅಪ್ರಾಪ್ತರ ಸ್ಥಿರಾಸ್ತಿಯ ವಿಷಯದಲ್ಲಿ 8ನೆಯ ಕಲಂ ಅಂತಹ ಮೂರನೆಯವರಿಗೆ ವಿನಾಯಿತಿ ಬರೆದಿಲ್ಲ, ಮತ್ತು ನಿಮ್ಮ ಕ್ರಯಪತ್ರದಲ್ಲಿ ನೀವಿಬ್ಬರು ಅಪ್ರಾಪ್ತರು ಎಂದೇ ಬರೆದಿರುವುದರಿಂದ ಗೊತ್ತಿರಲಿಲ್ಲ ಎನ್ನಲು ಕೊಂಡವರಿಗೆ ಅವಕಾಶವೂ ಇಲ್ಲ.

ಹಾಸನದ ಓದುಗಿ

ಸರ್, ಮೇಡಂ, ಇಬ್ಬರಿಗೂ ಕೃತಜ್ಞತೆಗಳು. ಹೊರೆ ಯಾರದು ಎಂಬ ಮಾತು ನನ್ನ ಮನಸ್ಸನ್ನು ಬಹಳ ತಟ್ಟಿತು, ಏಕೆಂದರೆ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ. ಅಮ್ಮ ನನ್ನ ಪರವಾಗಿದ್ದಾರೆ. ತಂದೆಯವರು ಮಾತ್ರ, ಕೊಂಡವರು ಒಂದು ಮೊತ್ತ ಕೊಡಲು ಒಪ್ಪಿದ್ದಾರೆ, ನೀನು ಒಂದು ದೃಢೀಕರಣ ಪತ್ರಕ್ಕೆ ಸಹಿ ಹಾಕಿದರೆ ವಿಷಯ ಮುಗಿಯುತ್ತದೆ ಎನ್ನುತ್ತಿದ್ದಾರೆ. ಆ ಪತ್ರದ ಕರಡಿನಲ್ಲಿ ನನ್ನ ಜೊತೆಗೆ ತಮ್ಮನ ಹೆಸರೂ ಇದೆ, ಅವನ ಪರವಾಗಿ ತಂದೆಯವರೇ ಸಹಿ ಹಾಕುತ್ತಾರಂತೆ. ಇದಕ್ಕೆ ಕಾನೂನಿನಲ್ಲಿ ಏನು ಪರಿಣಾಮ? ಇನ್ನೊಂದು ಸಂದೇಹ: ನಾನು ಗೆದ್ದರೆ, 2017ರಲ್ಲಿ ಅವರು ಕೊಟ್ಟ ಹಣವನ್ನು ನಾನು ಹಿಂದಿರುಗಿಸಬೇಕೆ? ಆ ಹಣದಲ್ಲಿ ಒಂದು ರೂಪಾಯಿಯನ್ನೂ ನಾವು ಕಂಡಿಲ್ಲ.

ನಿವೃತ್ತ ನೋಂದಣಿ ನೌಕರ

ತಂಗಿ, ಮೊದಲು ಆ ಕರಡಿಗೆ ಸಹಿ ಹಾಕಬೇಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಕಾಲದಲ್ಲಿ ಇಂತಹ ದೃಢೀಕರಣ ಪತ್ರಗಳು, ಹಕ್ಕು ಬಿಡುಗಡೆ ಪತ್ರಗಳು ಬರುವುದನ್ನು ಕಂಡಿದ್ದೇನೆ. ಮಕ್ಕಳು ದೊಡ್ಡವರಾಗುತ್ತಿದ್ದಂತೆ ಕೊಂಡವರು ಅವರ ಸಹಿಗಾಗಿ ಬರುವುದಕ್ಕೆ ಕಾರಣವಿದೆ: ಪ್ರಾಪ್ತ ವಯಸ್ಸಿಗೆ ಬಂದವರು ಎಲ್ಲವನ್ನೂ ತಿಳಿದು ಒಮ್ಮೆ ಒಪ್ಪಿ ಸಹಿ ಹಾಕಿದರೆ, ಅಥವಾ ಆ ಮಾರಾಟದ ಬಾಬ್ತು ಹಣ ಪಡೆದರೆ, ಅದನ್ನು ಅನೂರ್ಜಿತಗೊಳಿಸುವ ಹಕ್ಕು ಅಲ್ಲಿಗೆ ಮುಗಿಯಿತು. ಒಪ್ಪಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಂದಿನ ಮಾರುಕಟ್ಟೆ ದರಕ್ಕೆ ಹತ್ತಿರವಾದ ಮೊತ್ತ ಸಿಗುವುದಾದರೆ ಹತ್ತಾರು ವರ್ಷದ ವ್ಯಾಜ್ಯಕ್ಕಿಂತ ಅದು ಒಳ್ಳೆಯದೇ ಇರಬಹುದು. ಆದರೆ ಆ ಹಣ ನಿಮ್ಮ ಖಾತೆಗೆ ಬರಬೇಕು, ನಿಮ್ಮ ವಕೀಲರು ಕರಡನ್ನು ಓದಿರಬೇಕು, ತೀರ್ಮಾನ ನಿಮ್ಮದಾಗಿರಬೇಕು.

ತಮ್ಮನ ಪರವಾಗಿ ತಂದೆಯವರು ಸಹಿ ಹಾಕುವುದಂತೂ ಅದೇ ದೋಷವನ್ನು ಎರಡನೆಯ ಸಲ ಮಾಡಿದಂತೆ. ಅವನ ಪಾಲನ್ನು ಬಿಟ್ಟುಕೊಡಲು ಈಗಲೂ ನ್ಯಾಯಾಲಯದ ಅನುಮತಿ ಬೇಕು.

ಬಹಳ ಜನ ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ‘ನೋಂದಣಿ ಕಚೇರಿಯವರು ಆಗಲೇ ಏಕೆ ತಡೆಯಲಿಲ್ಲ?’ ನೋಂದಣಾಧಿಕಾರಿ ನೋಡುವುದು ಬರೆದುಕೊಟ್ಟವರು ಇವರೇ ಹೌದೇ, ಮುದ್ರಾಂಕ ಶುಲ್ಕ ಸರಿಯಾಗಿದೆಯೇ ಎಂಬಂತಹ ಸಂಗತಿಗಳನ್ನು. ಮಾರುವವರ ಹಕ್ಕು ದೋಷರಹಿತವೇ ಎಂದು ವಿಚಾರಣೆ ಮಾಡಿ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಆದ್ದರಿಂದ ನೋಂದಣಿಯು ಕ್ರಯಪತ್ರದ ದೋಷವನ್ನು ತೊಳೆಯುವುದಿಲ್ಲ. ಹಾಗೆಯೇ ನೀವೊಬ್ಬರೇ ಕಚೇರಿಗೆ ಹೋಗಿ ಏಕಪಕ್ಷೀಯವಾಗಿ ರದ್ದತಿ ಪತ್ರ ನೋಂದಾಯಿಸಿದರೆ ಕೆಲಸವಾಗುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೆಯ ಕಲಂ ಪ್ರಕಾರ ನ್ಯಾಯಾಲಯ ಕ್ರಯಪತ್ರವನ್ನು ರದ್ದುಪಡಿಸಿ ಡಿಕ್ರಿ ಮಾಡಿದರೆ, ಆ ಡಿಕ್ರಿಯ ಪ್ರತಿ ನ್ಯಾಯಾಲಯದಿಂದಲೇ ನೋಂದಣಾಧಿಕಾರಿಗೆ ಹೋಗುತ್ತದೆ, ಮೂಲ ದಸ್ತಾವೇಜಿನ ದಾಖಲೆಯ ಮೇಲೆ ರದ್ದತಿಯ ಷರಾ ಬರೆಯಲಾಗುತ್ತದೆ.

ದಾವಣಗೆರೆ ಓದುಗ

ಒಂದು ವಿಷಯವನ್ನು ಇಲ್ಲಿ ಯಾರೂ ಪ್ರಸ್ತಾಪಿಸಿಲ್ಲ. ನಮ್ಮ ದಾವಣಗೆರೆಯ ಶಾಮನೂರಿನ ನಿವೇಶನಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನ ನಂತರ, ದಾವೆ ಹೂಡಲೇಬೇಕು ಎಂಬ ಮಾತು ಉಳಿದಿಲ್ಲವಲ್ಲ? ಅಲ್ಲಿ ತಂದೆ 1971ರಲ್ಲಿ ಮೂವರು ಅಪ್ರಾಪ್ತ ಗಂಡುಮಕ್ಕಳ ಹೆಸರಿನಲ್ಲಿ ಅಕ್ಕಪಕ್ಕದ ಎರಡು ನಿವೇಶನಗಳನ್ನು ಕೊಂಡು, ನ್ಯಾಯಾಲಯದ ಅನುಮತಿ ಇಲ್ಲದೆ ಮಾರಿದ್ದರು. ಮಕ್ಕಳು ದೊಡ್ಡವರಾದ ಮೇಲೆ ತಂದೆ ಮಾಡಿದ ಕ್ರಯಪತ್ರಗಳನ್ನು ರದ್ದುಪಡಿಸಲು ದಾವೆ ಹೂಡದೆ, ಅದೇ ನಿವೇಶನಗಳನ್ನು ಬೇರೊಬ್ಬರಿಗೆ ಮಾರಿದರು. ಹೈಕೋರ್ಟ್ ದಾವೆ ಹೂಡಬೇಕಿತ್ತು ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಸ್ಸಂದಿಗ್ಧವಾದ ನಡತೆಯಿಂದಲೂ ಹಿಂದಿನ ಮಾರಾಟವನ್ನು ತಿರಸ್ಕರಿಸಬಹುದು, ತಾನೇ ಆಸ್ತಿಯನ್ನು ಮತ್ತೊಬ್ಬರಿಗೆ ಮಾರುವುದು ಅಂತಹ ನಡತೆ ಎಂದಿತು. ಹಾಗಿದ್ದ ಮೇಲೆ ಪ್ರಶ್ನೆ ಕೇಳಿದವರು ಒಂದು ನೋಟಿಸು ಕೊಟ್ಟು ತಿರಸ್ಕರಿಸಿದರೆ ಸಾಲದೆ?

ಸಿವಿಲ್ ವಕೀಲ, ಮೈಸೂರು

ದಾವಣಗೆರೆಯ ಸ್ನೇಹಿತರು ಸರಿಯಾದ ತೀರ್ಪನ್ನೇ ನೆನಪಿಸಿದ್ದಾರೆ, ಮತ್ತು ಅನೂರ್ಜಿತಗೊಳಿಸುವಿಕೆಯ ಸ್ವರೂಪವನ್ನು ಅದು ಚೆನ್ನಾಗಿ ತೋರಿಸುತ್ತದೆ. ಅನೂರ್ಜಿತಗೊಳಿಸುವುದು ಮೂಲತಃ ಹಕ್ಕುಳ್ಳ ವ್ಯಕ್ತಿಯ ಕ್ರಿಯೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 66ನೆಯ ಕಲಂ ಕೂಡ, ಅನೂರ್ಜಿತಗೊಳಿಸಬಹುದಾದ ಒಪ್ಪಂದವನ್ನು ಬಿಡಿಸುವ ನಿರ್ಧಾರವನ್ನು ಪ್ರಸ್ತಾವವನ್ನು ತಿಳಿಸುವ ರೀತಿಯಲ್ಲಿಯೇ ಎದುರು ಪಕ್ಷಕ್ಕೆ ತಿಳಿಸಬಹುದು ಎನ್ನುತ್ತದೆ. ಬಲಾತ್ಕಾರದಿಂದಲೋ ವಂಚನೆಯಿಂದಲೋ ಒಪ್ಪಿಗೆ ಪಡೆದ ಸಾಮಾನ್ಯ ಒಪ್ಪಂದಗಳಲ್ಲಿ ಪತ್ರ ಬರೆದು ಬಿಡಿಸಿಕೊಳ್ಳುವುದು ನಡೆದೇ ಇದೆ.

ಆದರೂ ಪ್ರಶ್ನೆ ಕೇಳಿದವರಿಗೆ ನೋಟಿಸು ಮಾತ್ರ ಸಾಕು ಎಂದು ನಾನು ಹೇಳಲಾರೆ. 2025ರ ತೀರ್ಪು ಕೂಡ ತಿರಸ್ಕಾರ ಕಾಲಮಿತಿಯೊಳಗೆ ಆಗಬೇಕು ಎಂದೇ ಹೇಳಿದೆ. 2001, 2019 ಮತ್ತು 2025ರ ಮೂರೂ ತೀರ್ಪುಗಳು ಇಬ್ಬರು ನ್ಯಾಯಮೂರ್ತಿಗಳ ಪೀಠದವು. ನಿಮ್ಮ ಎದುರಾಳಿಯ ವಕೀಲರು ಮೊದಲಿನ ಎರಡನ್ನು ಹಿಡಿದು ವಾದಿಸುವುದು ಖಂಡಿತ. ಅದಕ್ಕಿಂತ ಮುಖ್ಯವಾಗಿ, ಶಾಮನೂರಿನ ಪ್ರಕರಣದಲ್ಲಿ ದಾವೆ ಹೂಡಿ ತನ್ನ ಹಕ್ಕನ್ನು ಸಾಬೀತುಪಡಿಸಬೇಕಾದ ಸ್ಥಾನದಲ್ಲಿ ಇದ್ದದ್ದು ತಂದೆಯ ಕ್ರಯದ ಮೂಲಕ ಹಕ್ಕು ಹೇಳಿದವರು. ಮಕ್ಕಳಿಂದ ಕೊಂಡವರು ನಿವೇಶನಗಳ ಮೇಲೆ ಮನೆ ಕಟ್ಟಿದ್ದರು. ಹಾಸನದಲ್ಲಿ ಪರಿಸ್ಥಿತಿ ತಿರುಗುಮುರುಗು: ಸ್ವಾಧೀನ ಕೊಂಡವರ ಬಳಿ ಇದೆ, ಖಾತೆಯೂ ಅವರ ಹೆಸರಿನಲ್ಲಿರಬಹುದು. ಸ್ವಾಧೀನ ಪಡೆಯಲು ಹೇಗೂ ನ್ಯಾಯಾಲಯಕ್ಕೆ ಹೋಗಲೇಬೇಕು. ಹೋಗುವಾಗ ಕ್ರಯಪತ್ರದ ರದ್ದತಿಯನ್ನೂ ಕೇಳದಿರಲು ಕಾರಣವೇ ಇಲ್ಲ. ನನ್ನ ಸಲಹೆ ಎರಡನ್ನೂ ಮಾಡುವುದು: ಮಾರಾಟವನ್ನು ತಿರಸ್ಕರಿಸಿರುವುದಾಗಿ ವಕೀಲರ ಮೂಲಕ ಸ್ವೀಕೃತಿ ಸಹಿತ ಅಂಚೆಯಲ್ಲಿ ಈಗಲೇ ನೋಟಿಸು ಕೊಡಿ, ಅನಂತರ ಇಪ್ಪತ್ತೊಂದು ತುಂಬುವುದಕ್ಕೆ ಸಾಕಷ್ಟು ಮೊದಲೇ ರದ್ದತಿ ಮತ್ತು ಸ್ವಾಧೀನ ಎರಡನ್ನೂ ಕೋರಿ ದಾವೆ ಹೂಡಿ. ದಾವೆ ನಡೆಯುತ್ತಿರುವಾಗ ಅವರು ಬೇರೆಯವರಿಗೆ ಮಾರಿದರೂ, ಸ್ವತ್ತು ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಂತೆ ಕೊಂಡವರು ದಾವೆಯ ಫಲಕ್ಕೆ ಬದ್ಧರು.

ಹಣ ಹಿಂದಿರುಗಿಸುವ ಪ್ರಶ್ನೆ ಉಳಿದಿದೆ. ವ್ಯವಹಾರವನ್ನು ಬಿಡಿಸಿಕೊಂಡವರು ಅದರ ಲಾಭವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವಂತಿಲ್ಲ ಎಂಬುದು ಇಲ್ಲಿನ ತತ್ವ. ಒಪ್ಪಂದ ಕಾಯ್ದೆಯ 64ನೆಯ ಕಲಂ, ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೆಯ ಕಲಂ ಎರಡೂ ಇದನ್ನೇ ಹೇಳುತ್ತವೆ. ಆದರೆ ಅವು ಹೇಳುವುದು ನೀವು ಪಡೆದ ಲಾಭದ ಬಗ್ಗೆ. ಹಣ ನಿಮ್ಮ ವಿದ್ಯಾಭ್ಯಾಸಕ್ಕೋ ನಿಮ್ಮ ಹೆಸರಿನ ಠೇವಣಿಗೋ ಹೋಗಿದ್ದರೆ ಅಷ್ಟರ ಮಟ್ಟಿಗೆ ಹಿಂದಿರುಗಿಸುವಂತೆ ನ್ಯಾಯಾಲಯ ಆದೇಶಿಸಬಹುದು. ಅದು ತಂದೆಯ ಸಾಲಕ್ಕೆ ಹೋಗಿರುವುದು ಸಾಬೀತಾದರೆ, ಕೊಂಡವರು ಹಣಕ್ಕಾಗಿ ಕೇಳಬೇಕಾದದ್ದು ನಿಮ್ಮ ತಂದೆಯನ್ನು. ಆದ್ದರಿಂದ 2017ರ ಸುಮಾರಿನ ತಂದೆಯವರ ಸಾಲದ ಕಾಗದಗಳು, ಬ್ಯಾಂಕಿನ ವಿವರಗಳು ಸಿಕ್ಕರೆ ಕಾಪಾಡಿಕೊಳ್ಳಿ. ಸದ್ಯಕ್ಕೆ ಕಾಂಪೌಂಡ್ ಮಾತ್ರ ಇದೆ ಎಂದಿರಿ. ಕೊಂಡವರು ಹಕ್ಕು ತಮ್ಮದೇ ಎಂದು ಸದ್ಭಾವದಿಂದ ನಂಬಿ ಮನೆ ಕಟ್ಟಿದ್ದರೆ ಅದರ ಮೌಲ್ಯದ ಪ್ರಶ್ನೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 51ನೆಯ ಕಲಮಿನಡಿ ಅವರು ಎತ್ತಬಹುದಿತ್ತು. ನೋಟಿಸು ತಲುಪಿದ ಮೇಲೆ ಕಟ್ಟಿದರೆ ಸದ್ಭಾವದ ಮಾತನ್ನು ಎತ್ತುವುದು ಕಷ್ಟ. ನೋಟಿಸನ್ನು ತಡಮಾಡದೆ ಕೊಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಈ ಚರ್ಚೆಯನ್ನು ಓದುವ ಇತರರಿಗೆ ಒಂದು ಎಚ್ಚರಿಕೆ. ಇಲ್ಲಿನ ನಿವೇಶನ ತಾತನ ದಾನದಿಂದ ಮಕ್ಕಳಿಗೆ ಪ್ರತ್ಯೇಕವಾಗಿ ಬಂದದ್ದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯನ್ನು ಕುಟುಂಬದ ಕರ್ತನಾಗಿ ತಂದೆ ಮಾರಿ, ಅದರಲ್ಲಿ ಅಪ್ರಾಪ್ತರ ಅವಿಭಜಿತ ಪಾಲೂ ಸೇರಿದ್ದರೆ 8ನೆಯ ಕಲಂ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ಅಲ್ಲಿ ನ್ಯಾಯಾಲಯದ ಅನುಮತಿ ಇತ್ತೇ ಎಂಬ ಪ್ರಶ್ನೆ ಬರುವುದಿಲ್ಲ, ಕುಟುಂಬದ ಅಗತ್ಯಕ್ಕಾಗಿ ಮಾರಿದರೇ ಎಂಬ ಪ್ರಶ್ನೆ ಬರುತ್ತದೆ.

ಹಾಸನದ ಓದುಗಿ

ಸರ್, ಎಲ್ಲವೂ ಅರ್ಥವಾಯಿತು. ಕರಡಿಗೆ ಸಹಿ ಹಾಕುವುದಿಲ್ಲ ಎಂದು ಮನೆಯಲ್ಲಿ ತಿಳಿಸಿದ್ದೇನೆ. ತಮ್ಮನ ಪರವಾಗಿ ಅಮ್ಮ ಹಿತಮಿತ್ರರಾಗಲು ಒಪ್ಪಿದ್ದಾರೆ. ವಕೀಲರ ಬಳಿಗೆ ಹೋಗುವಾಗ ಯಾವ ಯಾವ ಕಾಗದಗಳನ್ನು ಒಯ್ಯಬೇಕು?

ನಿವೃತ್ತ ನೋಂದಣಿ ನೌಕರ

2012ರ ದಾನಪತ್ರದ ಮೂಲ ಪ್ರತಿ, ಇಲ್ಲದಿದ್ದರೆ ದೃಢೀಕೃತ ನಕಲು. 2017ರ ಕ್ರಯಪತ್ರದ ದೃಢೀಕೃತ ನಕಲು. ದಾನಪತ್ರಕ್ಕೂ ಮೊದಲಿನಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ. ನಿವೇಶನದ ಖಾತೆ ಮತ್ತು ಕಂದಾಯ ರಸೀದಿಗಳು ಯಾರ ಹೆಸರಿನಲ್ಲಿವೆ ಎಂಬುದರ ದಾಖಲೆ. ಇವೆಲ್ಲಕ್ಕಿಂತ ಮೊದಲು ನಿಮ್ಮಿಬ್ಬರ ಜನನ ಪ್ರಮಾಣಪತ್ರಗಳನ್ನು ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವೂ ಜನನ ಪ್ರಮಾಣಪತ್ರದ ದಿನಾಂಕವೂ ಒಂದೇ ಆಗಿವೆಯೇ ನೋಡಿ. ಬೇರೆಯಾಗಿದ್ದರೆ ಅದನ್ನು ವಕೀಲರಿಗೆ ಮೊದಲ ದಿನವೇ ತಿಳಿಸಿ, ಎರಡರಲ್ಲಿ ಮೊದಲು ಬರುವ ದಿನಾಂಕವನ್ನೇ ಹಿಡಿದು ಮೂರು ವರ್ಷದ ಲೆಕ್ಕ ಹಾಕಿಕೊಳ್ಳಿ. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಎಷ್ಟು ಶುಲ್ಕ ಕಟ್ಟಬೇಕಾಗುತ್ತದೆ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ, ಆ ಹಣಕ್ಕಾಗಿ ದಾವೆ ತಡವಾಗಬಾರದು.